ಟವಲ್ಲಿನ ಕೆಳಗಿದ್ದ ಕೇರೆಗಳು

ಹಾವಿನ ಪವಾಡ ಹೇಳುವವರ ಬಾಯಿ ಮುಚ್ಚಿಸುವುದೇ ನನ್ನ ಕೆಲಸವಾಗಿತ್ತು. ಜಗಳೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೇರೆ ಹಾವು ಎಮ್ಮೆಯ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ವಿಷವಿಲ್ಲ, ಬೇಕಾದದ್ದು ಇಲಿ, ಕಪ್ಪೆ, ಅಷ್ಟೇ. ಇಷ್ಟೆಲ್ಲ ಗೊತ್ತಿದ್ದ ನಾನೇ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅಪ್ಪ ತೀರಿಕೊಂಡ ಮೇಲೆ ನಮ್ಮೂರು ಸೊಕ್ಕೆಯ ಹೊಲದಲ್ಲಿ ನನ್ನ ಪಾಲು ಕೇಳಿದೆ. ಅಂದಿನಿಂದ ತಮ್ಮ ನನ್ನನ್ನು ಅಕ್ಕ ಎಂದು ಕರೆಯುವುದನ್ನೇ ಬಿಟ್ಟ. ಅರಿಶಿನ ಕುಂಕುಮಕ್ಕೆ ಬರಬೇಕಾದವಳು ಹೊಲಕ್ಕೆ ಬಂದಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಕೊನೆಗೂ ಸರ್ವೆಯರ್ ಅಳತೆಗೆ ಬಂದ. ನಾನು, ತಮ್ಮ, ಅವ್ವ ಹೊಲದಲ್ಲಿ ನಿಂತಿದ್ದೆವು. ಬಿತ್ತನೆಗೆಂದು ಕುಂಟೆ ಹೊಡೆದ ನೆಲ, ಕೋಳಿ ನಡೆದರೂ ಗುರುತು ಮೂಡುವಂತಿತ್ತು.

ಅಳತೆ ಶುರುವಾಗುವಷ್ಟರಲ್ಲಿ ಹೊಲದ ನಡುವೆ ಎರಡು ಕೇರೆಗಳು ಹೆಣೆದುಕೊಂಡು ಮೇಲಕ್ಕೆದ್ದವು. ಅವ್ವ ಕೈಮುಗಿದಳು. ಹಾಗೆ ಕೂಡಿ ಹೆಣೆದುಕೊಂಡ ಗಂಡು ಹೆಣ್ಣು ಹಾವುಗಳ ಮೇಲೆ ಬಟ್ಟೆ ಹಾಕಿ, ಅದನ್ನು ಮನೆಯಲ್ಲಿಟ್ಟುಕೊಂಡರೆ ಅಂದುಕೊಂಡದ್ದು ಆಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ತಮ್ಮ ಹೆಗಲ ಮೇಲಿನ ಟವಲ್ ತೆಗೆದು ಅವುಗಳ ಮೇಲೆ ಎಸೆದ.

"ಈ ಹೊಲ ಬ್ಯಾರೆ ಮನೆಯೋರ ಪಾಲಾಗದಂಗೆ ನೋಡ್ಕೊಳಪ್ಪ," ಎಂದ, ನನ್ನ ಮುಖ ನೋಡಿಕೊಂಡೇ.

"ಅವು ಗಂಡ ಹೆಂಡ್ತಿ ಅಲ್ಲ ಕಣೋ. ಎರಡೂ ಗಂಡು, ಹೊಡೆದಾಡ್ತಾವೆ," ಎಂದೆ.

"ನಿನ್ನ ಪಾಠ ಸ್ಕೂಲ್ನಾಗೆ ಇಟ್ಕ. ಇಲ್ಲೇನು ಕೆಲಸ ಐತೆ ನಿಂಗೆ?"

ಅಷ್ಟರಲ್ಲಿ ಟವಲ್ ಒಮ್ಮೆ ತೂಗಾಡಿ, ಮೆಲ್ಲಗೆ ಕುಸಿದು, ನೆಲಕ್ಕೆ ಚಪ್ಪಟೆಯಾಗಿ ಬಿತ್ತು. ಅವನು ಎತ್ತಿದ. ಕೆಳಗೆ ಬರೀ ಮಣ್ಣು. ಬಿಲವಿಲ್ಲ, ಬಿರುಕಿಲ್ಲ, ಹರಿದು ಹೋದ ಗುರುತಿಲ್ಲ. ಬಂದ ಗುರುತೂ ಇರಲಿಲ್ಲ. ಕೇರೆ ಬಲು ಚುರುಕು, ಅದು ನನಗೂ ಗೊತ್ತು. ಆದರೆ ಆಳುದ್ದದ ಎರಡು ಹಾವುಗಳು ನಾಲ್ವರ ಕಣ್ಣೆದುರು, ಹಾಡಹಗಲೇ, ಎಲ್ಲಿಗೆ ಹೋದವು? ಸರ್ವೆಯರ್, "ಇವತ್ತು ಬ್ಯಾಡ್ರೀ ಮೇಡಂ, ಇನ್ನೊಂದಿನ ಬರ್ತೀನಿ," ಎಂದು ಸಾಮಾನು ಕಟ್ಟಿಕೊಂಡ. ಇನ್ನೂ ಬಂದಿಲ್ಲ.

ಆ ಟವಲ್ಲನ್ನು ತಮ್ಮ ದೇವರ ಗೂಡಿನಲ್ಲಿಟ್ಟು ಪೂಜೆ ಮಾಡುತ್ತಾನೆ. ಹಾವೇ ತೀರ್ಮಾನ ಕೊಟ್ಟಿತು ಅನ್ನುತ್ತಾನಂತೆ. ಅವನನ್ನು ನೆನೆದರೆ ಸಿಟ್ಟು ಬರುತ್ತದೆ, ಆ ಬರಿಯ ಮಣ್ಣನ್ನು ನೆನೆದರೆ ಇವತ್ತಿಗೂ ಆ ಸಿಟ್ಟೂ ಮರೆತುಹೋಗುತ್ತದೆ. ಏನಾಯಿತೆಂದು ನನಗೆ ಗೊತ್ತಿಲ್ಲ.

ಕೇರೆಗಳ ಹೊಡೆದಾಟದಲ್ಲಿ ಯಾವುದೂ ಸಾಯುವುದಿಲ್ಲ, ಸೋತದ್ದು ಜಾಗ ಬಿಟ್ಟು ಹೋಗುತ್ತದೆ ಎಂದು ಮಕ್ಕಳಿಗೆ ಈಗಲೂ ಪಾಠ ಮಾಡುತ್ತೇನೆ. ಅಂದು ಸೋತದ್ದು ಯಾವುದೆಂದು ನಾವ್ಯಾರೂ ನೋಡಲಿಲ್ಲ. ನಾನಂತೂ ಜಾಗ ಬಿಟ್ಟಿಲ್ಲ.