ಮೂರನೇ ಕ್ಷೇತ್ರದ ಆರ್ಡಿಸ್

ಆರ್ಡಿಸ್ ಕುಚೇರಾ ಕೂತಲ್ಲಿ ಕೂರುವ ಹೆಂಗಸಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ, ಪ್ಲ್ಯಾಟ್ ನದಿ ದಂಡೆಯ ಸಣ್ಣ ಊರೊಂದರಲ್ಲಿ, ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ಕತ್ತರಿ ಆಡಿಸುತ್ತಿದ್ದರೂ ಒಂದು ಕಣ್ಣು ಹೆದ್ದಾರಿಯ ಮೇಲೆಯೇ. ಆ ವರ್ಷ ಸಂಸತ್ತಿನ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದಿಂದ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಆರ್ಡಿಸ್ ಹೋಗಿ ಹೆಸರು ಕೊಟ್ಟು ಬಂದಳು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದ ಗಂಡ ಡೆಲ್ಮರ್. "ನಮ್ಮಪ್ಪನ ಕಾಲದಿಂದ ಇಲ್ಲಿ ಗೆಲ್ಲೋರು ರಿಪಬ್ಲಿಕನ್ನರೇ. ಎಪ್ಪತ್ನಾಲ್ಕರಲ್ಲಿ ನಿಮ್ಮ ಪಕ್ಷಕ್ಕೆ ಗೆಲುವು ಕೂದಲೆಳೆಯಲ್ಲಿ ತಪ್ಪಿತು. ತೊಂಬತ್ತರಲ್ಲೂ ಹತ್ರ ಬಂದು ಕೈಕೊಡ್ತು."

"ಮತ್ತೊಂದ್ಸಲ ಹತ್ರ ಬಂದ್ರೆ ಬೇಡ ಅಂತೀಯಾ?"

ಮೊದಲ ವಾರವೇ ಹಳೆಯ ಗಿರಾಕಿಗಳು ಕೆಲವರು ಬೇರೆ ಅಂಗಡಿ ಹಿಡಿದರು. ಆರ್ಡಿಸ್ ಬಾಗಿಲಿಗೆ ಬೀಗ ಜಡಿದು ಪ್ರಚಾರಕ್ಕೆಂದು ಕಾರು ಹತ್ತಿದಳು. ಮೂರನೇ ಕ್ಷೇತ್ರವೋ, ರಾಜ್ಯದ ಮುಕ್ಕಾಲು ಪಾಲು. ಪೂರ್ವದ ಮುಸುಕಿನ ಜೋಳದ ಹೊಲಗಳನ್ನು ದಾಟಿ ಪಶ್ಚಿಮಕ್ಕೆ ಹೋದರೆ ನಡುದಾರಿಯಲ್ಲಿ ಕಾಲವಲಯ ಬದಲಾಗಿ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು.

ಮರಳುಗುಡ್ಡಗಳ ನಡುವೆ ದನ ಸಾಕುವ ಹಲ್ಡಾ ಸೋರೆನ್ಸನ್ ಎಂಬ ಮುದುಕಿಯ ಅಂಗಳದಲ್ಲಿ ಸಭೆ. ಬಂದವರು ನಾಲ್ಕೈದು ಹೆಂಗಸರು. ಆರ್ಡಿಸ್ ಭಾಷಣ ಮುಗಿಸುತ್ತಲೇ ಹಲ್ಡಾ ಬಾಯಿಬಿಟ್ಟಳು.

"ನಮ್ಮಪ್ಪ ನಿಮ್ಮ ಪಕ್ಷಕ್ಕೇ ವೋಟು ಹಾಕ್ತಿದ್ದ ಕಣಮ್ಮ. ಹೊಲದ ಮಣ್ಣೆಲ್ಲ ಗಾಳೀಲಿ ಹಾರಿಹೋದ ಕಾಲ ಅದು. ಆಗ ಸಂಸತ್ತಲ್ಲಿ ನಮ್ಮ ರಾಜ್ಯಕ್ಕೆ ಐದು ಸೀಟು. ಜನ ಊರು ಬಿಟ್ರು, ನಾಲ್ಕಾಯ್ತು, ಆಮೇಲೆ ಮೂರಾಯ್ತು. ಅಳಿದುಳಿದ ನಮ್ಮನ್ನೆಲ್ಲ ಗುಡಿಸಿ ಒಂದೇ ಬುಟ್ಟಿಗೆ ಹಾಕಿದ್ರು. ಇಷ್ಟು ದೂರ ಯಾರು ಬರ್ತಾರೆ?"

"ನಾನು ಬಂದಿದೀನಲ್ಲ. ಅದಿರ್ಲಿ, ನಿಮ್ಮ ಕೂದಲು ಯಾರು ಹೀಗೆ ಕತ್ತರಿಸಿದ್ದು?"

"ನಾನೇ. ಪಟ್ಟಣಕ್ಕೆ ಹೋಗಿ ಬರೋಕೆ ಇಡೀ ದಿನ ಹಾಳು."

ಆರ್ಡಿಸ್‌ಗೆ ತಡೆಯಲಾಗಲಿಲ್ಲ. ಕಾರಿನಲ್ಲಿದ್ದ ಕತ್ತರಿ ತಂದು ಅಂಗಳದಲ್ಲೇ ಕುರ್ಚಿ ಹಾಕಿದಳು. ಉಳಿದವರೂ ಸಾಲಿಗೆ ನಿಂತರು.

"ವೋಟು ಹಾಕ್ತೀನಿ ಅಂತ ತಿಳ್ಕೋಬೇಡ" ಎಂದಳು ಹಲ್ಡಾ.

"ನಾನು ಕೇಳಿದ್ನಾ? ತಲೆ ಅಲ್ಲಾಡಿಸ್ಬೇಡಿ."

ನವೆಂಬರಿನಲ್ಲಿ ಆರ್ಡಿಸ್ ಹೀನಾಯವಾಗಿ ಸೋತಳು. ಸ್ವಂತ ಊರೂ ಕೈಹಿಡಿಯಲಿಲ್ಲ.

"ಸಾಕಾಯ್ತಾ? ಇನ್ನಾದ್ರೂ ಒಂದ್ಕಡೆ ಕೂತ್ಕೋ" ಎಂದ ಡೆಲ್ಮರ್.

ಕೂರಲು ನೋಡಿದಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು, ಕಿಟಕಿಯ ಬಳಿ ಶತಪಥ ಹಾಕಿದಳು. ಅಂಗಡಿಗೆ ರಜೆಯಿದ್ದ ಒಂದು ಸೋಮವಾರ ಕತ್ತರಿ, ಮಡಚುವ ಕುರ್ಚಿ, ಗಿರಾಕಿಗಳಿಗೆ ಹೊದಿಸುವ ಬಟ್ಟೆಗಳನ್ನು ಕಾರಿಗೆ ತುಂಬಿಕೊಂಡು ಮರಳುಗುಡ್ಡಗಳ ಕಡೆ ಹೊರಟುಬಿಟ್ಟಳು. ಅಂದಿನಿಂದ ಸೋಮವಾರ ಬಂತೆಂದರೆ ಅದೇ ದಾರಿ.

ಹಲ್ಡಾ ಈಗಲೂ ರಿಪಬ್ಲಿಕನ್ನರಿಗೇ ವೋಟು ಹಾಕುತ್ತಾಳೆ, ಮುಖಕ್ಕೆ ಹೊಡೆದಂತೆ ಹೇಳಿಯೂ ಹೇಳುತ್ತಾಳೆ. ಆರ್ಡಿಸ್ ಬಿಡುವವಳಲ್ಲ. ಮುಚ್ಚಿದ ಶಾಲೆ, ದೂರದ ಆಸ್ಪತ್ರೆ ಎಂದು ವಾದಕ್ಕಿಳಿದರೆ ಕತ್ತರಿ ಗಾಳಿಯಲ್ಲೇ ನಿಂತುಬಿಡುತ್ತದೆ. ಅರ್ಧ ಕೂದಲು ಕತ್ತರಿಸಿಕೊಂಡ ಹೆಂಗಸು ಕಾಯುತ್ತಾ ಕೂರಬೇಕು.