ಮಾಷ್ ಒಪ್ಪಬೇಕಾದ ಹದಿನಾಲ್ಕು ಸಾಲು

ಬೆಳಗಿನ ಐದೂವರೆ. ತ್ರಿಶೂರಿನ ಒಲ್ಲೂರಿನಲ್ಲಿ ರಸೀನಾ ಹಾಲಿಲ್ಲದ ಕಟ್ಟನ್ ಚಹಾ ಪಕ್ಕಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಒಂಬತ್ತಕ್ಕೆ ಕಾಲೇಜಿನ ಪ್ರಯೋಗಾಲಯ ತೆರೆಯಬೇಕು. ಅದಕ್ಕೂ ಮುಂಚಿನ ಹೊತ್ತೆಲ್ಲ ಸಂಬಳವಿಲ್ಲದ ಈ ಕೆಲಸಕ್ಕೆ: ಬೇರೆಯವರು ಬರೆದ ತಂತ್ರಾಂಶಗಳನ್ನು ಹೊಂದಿಸಿ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಒಂದು ದೊಡ್ಡ ಭಂಡಾರಕ್ಕೆ ಸೇರಿಸುವುದು. ಇಪ್ಪತ್ತೆರಡು ವರ್ಷಗಳಿಂದ ಇದೇ. ಅವರ ಹೆಸರು ಕೇಳಿದವರು ಎಷ್ಟು ಜನ? ಬಿಡಿ.

ಈ ವಾರ ಅವರಿಗೆ ನಿದ್ದೆಯಿಲ್ಲ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಹಳೆಯ ಬಿಡಿಭಾಗವೊಂದನ್ನು ಭಂಡಾರದಿಂದ ತೆಗೆಯುತ್ತಿದ್ದಾರೆ. ಅದನ್ನು ನೆಚ್ಚಿದ ನಲವತ್ತೊಂದರಲ್ಲಿ ನಲವತ್ತು ಹೊಸದಕ್ಕೆ ದಾಟಿವೆ. ಉಳಿದದ್ದು ಕೈಮಗ್ಗದ ವಿನ್ಯಾಸ ಬಿಡಿಸುವ 'ತರಿ' ಎಂಬ ತಂತ್ರಾಂಶ. ಭಾನುವಾರದೊಳಗೆ ದಾಟದಿದ್ದರೆ ಅದು ಹೊರಗೆ. ಕಣ್ಣೂರಿನ ನೇಕಾರರ ಸಂಘಗಳು ಅದನ್ನೇ ನಂಬಿವೆ.

ಬರೆದವರು ಪಯ್ಯನ್ನೂರಿನ ನಿವೃತ್ತ ಗಣಿತದ ಮೇಷ್ಟ್ರು ಕುಂಞಂಬು, ಎಲ್ಲರಿಗೂ ಮಾಷ್. ಬೇಕಾದ ಹದಿನಾಲ್ಕು ಸಾಲಿನ ಬದಲಾವಣೆಯನ್ನು ರಸೀನಾ ಬರೆದು ಕಳಿಸಿ ತಿಂಗಳಾಯಿತು. ಮಾಷ್ ತುಟಿಪಿಟಿಕ್ಕೆಂದಿಲ್ಲ. ಅವರನ್ನು ಕೇಳದೆ ಭಂಡಾರದಲ್ಲೇ ತೇಪೆ ಹಾಕಲು ನಿಯಮ ಬಿಡುತ್ತದೆ. ರಸೀನಾ ಒಲ್ಲರು.

"ಒಂದ್ಸಲ ಹಾಕಿ ಕೈ ಸುಟ್ಕೊಂಡಿದ್ದೀನಿ," ಎನ್ನುತ್ತಾರೆ. "ಹದಿನೈದು ವರ್ಷದ ಹಿಂದೆ ಒಂದು ಸಾಲು ಬೇಡದ್ದು ಅನ್ನಿಸ್ತು. ಮಾಷನ್ನ ಕೇಳ್ದೆ ತೆಗೆದ್ಬಿಟ್ಟೆ. ಅಂಚಿನ ಎಳೆ ತಪ್ಪಿ ಅರವತ್ತು ಮುಂಡು ಪಂಚೆ ಹಾಳಾಯ್ತು. ನೇಕಾರರು ಬೈದಿದ್ದು ನನ್ನನ್ನಲ್ಲ, ಮಾಷನ್ನ. ಅದರ ಮೇಲಿರೋದು ಅವರ ಹೆಸರು ತಾನೇ."

ಮೊದಲು ಹೀಗಿರಲಿಲ್ಲ. ಆಗ ನಾನೂ ಈ ಗುಂಪಿನಲ್ಲಿದ್ದೆ. ವಾಚನಾಲಯವೊಂದರ ಮಹಡಿಯ ನಮ್ಮ ಕೂಟಗಳಲ್ಲಿ ಬರೆಯುವವರು, ಹೊಂದಿಸುವವರು ಒಂದೇ ಬೆಂಚಿನಲ್ಲಿ ಕೂತು ಪುಟ್ಟು-ಕಡಲೆ ತಿನ್ನುತ್ತಿದ್ದೆವು. ಸಿ.ಡಿ.ಗಳ ಮೇಲೆ ಕೈಯಲ್ಲೇ ಹೆಸರು ಬರೆದು ಹಂಚುತ್ತಿದ್ದೆವು. ಜಗಳ ಅಲ್ಲೇ ಆಗಿ ಅಲ್ಲೇ ಮುಗಿಯುತ್ತಿತ್ತು. ಈಗ ಪತ್ರ ಕಳಿಸಿ ಕಾಯಬೇಕು. ಆ ದಿನಗಳು ಹೋದವಲ್ಲ ಎಂದು ನನಗಂತೂ ಸಂಕಟವಾಗುತ್ತದೆ.

ಶನಿವಾರ ರಸೀನಾ ಪಯ್ಯನ್ನೂರಿನ ರೈಲು ಹತ್ತುತ್ತಾರೆ. ನಾನೂ ಜೊತೆಗಿದ್ದೇನೆ.

"ಏನು ಮೋಳೇ, ಇನ್ನೊಂದು ಸಾಲು ಕೀಳೋಕೆ ಬಂದ್ಯಾ?" ಮಾಷ್ ಬಾಗಿಲಲ್ಲೇ ಚುಚ್ಚುತ್ತಾರೆ.

"ಇಲ್ಲ ಮಾಷೇ. ನೀವು ಓದಿ, ನಾನು ಪಕ್ಕದಲ್ಲಿ ಕೂತಿರ್ತೀನಿ. ಬೇಡ ಅಂದ್ರೆ ವಾಪಸ್ ಹೋಗ್ತೀನಿ."

"ನೆಟ್ಟಗೆ ಓಡ್ತಿರೋದನ್ನ ಯಾಕೆ ಕೆದಕ್ತೀರೋ ನೀವೆಲ್ಲ."

ಗೊಣಗುತ್ತಲೇ ಎರಡು ಗಂಟೆ ಓದುತ್ತಾರೆ. ಅಂಚಿನ ಎಳೆಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ. ಒಂಬತ್ತನೆಯ ಸಾಲನ್ನು ತಿದ್ದಿಸುತ್ತಾರೆ. ಕೊನೆಗೆ ಒಪ್ಪಿಕೊಂಡು, ತಮ್ಮ ಹೆಸರಿನ ಕೆಳಗೆ ರಸೀನಾರ ಹೆಸರು ಸೇರಿಸುತ್ತಾರೆ. "ಇನ್ಮೇಲೆ ಬೈಸ್ಕೊಳ್ಳೋಕೆ ಇಬ್ಬರಿದ್ದೀವಿ."

ರಸೀನಾ ಕಣ್ಣೊರೆಸಿಕೊಳ್ಳುತ್ತಾರೆ. ವಾಪಸು ರೈಲಿನಲ್ಲಿ, ಇನ್ನೇನು ಆಸೆಯೆಂದು ಕೇಳುತ್ತೇನೆ.

"ಹೊಸ 'ತರಿ' ಹಾಕ್ಕೊಂಡ ದಿನ, ನೇಕಾರರ ಸಂಘದಲ್ಲಿ ವಿನ್ಯಾಸ ಬಿಡಿಸೋ ಅಕ್ಕ ಜಾನುಏಚಿ ಕಂಪ್ಯೂಟರ್ ತೆಗೆದಾಗ, ಏನೂ ಬದಲಾಗಿಲ್ಲ ಅನ್ನಿಸ್ಬೇಕು. ಅಷ್ಟೇ. ಯಾರಾದ್ರೂ ನನ್ನ ಹುಡುಕ್ಕೊಂಡು ಬಂದ್ರೆ, ಕೆಲಸ ಕೆಟ್ಟಿದೆ ಅಂತ ಅರ್ಥ."