ವಲ್ಲಿಯೊಳಗಿನ ಕೈ

ನನಗೆ ಬರೆಯಲು ಬರುತ್ತದೆ ಎಂದರೆ ನಗಬೇಡಿ. ನಾನು ಕಲಿತದ್ದು ಎರಡೇ ಜಮಾತ್, ಅದೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಮುದುಕನಾದ ಮೇಲೆ, ಮೊಮ್ಮಗಳ ಪಾಟಿಯ ಮೇಲೆ. ಆ ಮೊಮ್ಮಗಳ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಎದೆ ತುಂಬಿ ತುಳುಕುತ್ತಿದೆ, ಎಲ್ಲಿಯಾದರೂ ಚೆಲ್ಲಬೇಕಲ್ಲ.

ನಮ್ಮೂರು ಶಹಾಪುರದ ಮಗ್ಗುಲಿನ ಸಗರ. ದನಗಳ ದಲಾಲಿ ನಮ್ಮ ಕಸುಬು. ಶಹಾಪುರವಿರಲಿ, ಸುರಪುರವಿರಲಿ, ಯಾದಗಿರಿಯಿರಲಿ, ದನದ ಸಂತೆ ಎಲ್ಲಿ ಕೂಡಿದರೂ ನಾನೂ ನನ್ನ ಮಗನೂ ಅಲ್ಲಿರುತ್ತಿದ್ದೆವು. ಸೊಸೆ ಜ್ವರದಲ್ಲಿ ತೀರಿಕೊಂಡ ಮೇಲೆ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಹೆಣ್ಣುದಿಕ್ಕಿರಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡೇ ಸಂತೆಗೆ ಹೋಗುತ್ತಿದ್ದೆ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು, ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಅದರಿಂದ ಮುಚ್ಚುತ್ತೇವೆ. ಒಳಗೆ ಬೆರಳುಗಳ ಮಾತು. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಅದು ಹತ್ತೋ ನೂರೋ ಎನ್ನುವುದು ಎತ್ತಿನ ಮೈ ನೋಡಿದರೆ ಇಬ್ಬರಿಗೂ ಗೊತ್ತು. ಒಪ್ಪದವನು ಕೈ ಎಳೆದುಕೊಳ್ಳುತ್ತಾನೆ. ಎಳೆದುಕೊಳ್ಳದಿದ್ದರೆ ವ್ಯಾಪಾರ ಕುದುರಿತು. ಸುತ್ತ ನಿಂತವರಿಗೆ ಕಾಣುವುದು ಅಲ್ಲಾಡುವ ಬಟ್ಟೆ ಮಾತ್ರ. ಒಳಗಿನ ಮಾತನ್ನು ಯಾರೂ ಹೊರಗೆ ಆಡಬಾರದು, ಅದು ಕಟ್ಟಳೆ. ಹುಡುಗಿ ನನ್ನ ತೊಡೆಯ ಮೇಲೆ ಕೂತು, ಅದೇ ವಲ್ಲಿಯೊಳಗೆ ತನ್ನ ಕೈಯನ್ನೂ ತೂರಿಸಿ ಎಲ್ಲವನ್ನೂ ಕಲಿತುಬಿಟ್ಟಿದ್ದಳು.

ಶಾಲೆಗೆ ಹಾಕಿದಾಗ ಮೊದಲು ಉರ್ದು ಕಲಿಸಿದರು. ಅಷ್ಟರಲ್ಲಿ ನಿಜಾಮರ ಆಳ್ವಿಕೆ ಹೋಯಿತು, ನಮ್ಮ ಸೀಮೆ ಇಂಡಿಯಾದಲ್ಲಿ ಸೇರಿತು, ಶಾಲೆ ಕನ್ನಡಕ್ಕೆ ಹೊರಳಿತು. ಉಳಿದ ಮಕ್ಕಳು ಬೇಗ ಹೊಂದಿಕೊಂಡರು. ಇವಳು ಮಾತ್ರ ಕನ್ನಡ ಅಕ್ಷರಗಳನ್ನೂ ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆದಳು. ಆಗಿನ ಮಾಸ್ತರ ಆ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಇಡೀ ಜಮಾತ್ ನಕ್ಕಿತು. ಅಂದಿನಿಂದ ಶಾಲೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಹೆಸರು ಕೂಗಿದರೆ ‘ಹಾಜರ್’ ಎನ್ನಲೂ ಇಲ್ಲ.

ನನ್ನ ಮಗ ರೋಸಿಹೋದ.

“ಬಾಯಿ ಬಿಡದ ಹುಡುಗಿಗಿ ಸಾಲಿ ಯಾತಕಪಾ? ಸುಗ್ಗಿಗಿ ಬಿಡಸ್ತೀನಿ. ಹತ್ತಿ ಬಿಡಸಾಕ ಹೋಗ್ಲಿ.”

“ಇನ್ನ ಸ್ವಲ್ಪ ತಡಿಯಪಾ.”

“ಎಷ್ಟಂತ ತಡೀಲಿ? ಗಿಣಿ ಸಾಕಿದ್ರ ಇಷ್ಟೊತ್ತಿಗಿ ಅದಾದ್ರೂ ಮಾತಾಡತಿತ್ತು!”

ಅವಳು ಎರಡನೇ ಜಮಾತಿನಲ್ಲಿದ್ದ ಆ ವರ್ಷವೇ ಪಾಠ ಹೇಳಲು ಧಾರವಾಡದ ಕಡೆಯಿಂದ ಹೊಸ ಅಕ್ಕೋರೊಬ್ಬರು ಬಂದರು, ಚಿಕ್ಕ ವಯಸ್ಸಿನವರು. ಒಂದು ದಿನ ನನ್ನನ್ನು ಕರೆಸಿದಾಗ ಚಪ್ಪಲಿ ಹೊರಗೇ ಬಿಟ್ಟು ಬಾಗಿಲಲ್ಲೇ ನಿಂತೆ.

“ಮುತ್ಯಾ, ಬಯ್ಯಾಕ ಕರಿಸಿಲ್ರಿ. ಅಂಜೋ ಮಕ್ಕಳಿಗೆ ಶನಿವಾರಕ್ಕೊಂದು ಹೊಸಾದು ಮಾಡಸ್ತೀನಿ. ನಿಮ್ಮಾಕಿ ಯಾವದ್ರಾಗ ಅರಳತಾಳೋ ಹುಡುಕಾಕತ್ತೀನಿ. ಅಲ್ಲೀತನಕ ಬಿಡಸಬ್ಯಾಡ್ರಿ.”

ಖೋ ಖೋದಲ್ಲಿ ಕೂರಿಸಿದರು, ಬೆನ್ನು ತಟ್ಟಿದರೂ ಏಳಲಿಲ್ಲ. ಹಾಡಿಗೆ ನಿಲ್ಲಿಸಿದರು, ತುಟಿ ಬಿಚ್ಚಲಿಲ್ಲ. ಲೇಜಿಮು ಕೊಟ್ಟರು, ಅದು ಸಪ್ಪಳ ಮಾಡಬಾರದೆಂದು ಎದೆಗೆ ಒತ್ತಿ ಹಿಡಿದುಕೊಂಡಳು. ಎರೆಮಣ್ಣು ಕೊಟ್ಟಾಗ ಮಾತ್ರ ಕೈ ಆಡಿತು. ಕೋಡು, ಹೆಗಲ ಮೇಲಿನ ಹಿಣಿಲು, ಕೊರಳಿನ ಗಂಗೆದೊಗಲು ಎಲ್ಲ ಇದ್ದ ಎತ್ತಿನ ಜೋಡಿ ಮಾಡಿದಳು. ಕೂಡಲೇ ಅಕ್ಕೋರು, ಬರುವ ಶನಿವಾರ ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆ, ತಾವು ಮಾಡಿದ್ದನ್ನು ತಾವೇ ಮಾರಬೇಕು ಎಂದು ಸಾರಿದರು.

ಆ ದಿನ ನಾನು ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದೆ. ಮಗ ಶಹಾಪುರಕ್ಕೆ ಹೊರಟವನು ಹಗ್ಗ ಹೆಗಲಿಗೆ ಹಾಕಿಕೊಂಡೇ ಅಂಗಳದ ಬಾಗಿಲಲ್ಲಿ ನಿಂತ. “ಇವತ್ತೂ ಹಂಗಽ ಕುಂತಳಂದ್ರ, ಮನಿಗಿ ಕರಕೊಂಡ ಹೋಗೋದು” ಎಂದ. ಒಳಗೆ ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನಮ್ಮವಳು ಎತ್ತುಗಳ ಹಿಂದೆ ತಲೆ ಬಗ್ಗಿಸಿ ಕೂತಿದ್ದಳು.

“ನೋಡ್ರಲೇ, ಮೂಕ ಸಾವ್ಕಾರ್ತಿ!” ಎಂದ ಒಬ್ಬ ಹುಡುಗ.

ಅಕ್ಕೋರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. “ಏನವಾ, ಜೋಡಿ ಎಷ್ಟಕ್ಕ ಕೊಡ್ತಿ?”

ಹುಡುಗಿ ಅತ್ತಿತ್ತ ನೋಡಿದಳು. ನಾನು ಕಣ್ಣಿಗೆ ಬಿದ್ದೆ. ಓಡಿಬಂದು ನನ್ನ ಹೆಗಲ ಮೇಲಿನ ವಲ್ಲಿಯನ್ನು ಕಿತ್ತುಕೊಂಡು ಹೋಗಿ, ಅಕ್ಕೋರ ಕೈ ಮೇಲೆ ಹಾಕಿ, ಒಳಗೆ ಬೆರಳು ಹಿಡಿದಳು. ಏನೂ ಅರಿಯದ ಅಕ್ಕೋರು ಬೆಚ್ಚಿ ಕೈ ಎಳೆದುಕೊಂಡರು. ಅಂಗಳವೆಲ್ಲ ಗೊಳ್ಳೆಂದಿತು.

ಮತ್ತೆ ಅದೇ ನಗು! ಎಲ್ಲ ಮುಗಿಯಿತು ಎಂದುಕೊಂಡೆ.

ಅಕ್ಕೋರು ಮಾತ್ರ ನಗಲಿಲ್ಲ. ಕೈಯನ್ನು ತಾವೇ ವಲ್ಲಿಯೊಳಗೆ ಇಟ್ಟರು. “ನನಗ ಈ ಲೆಕ್ಕ ಬರಂಗಿಲ್ಲವಾ. ನೀನಽ ಕಲಿಸು.” ಅವಳು ಹಿಡಿದಳು. ಅವರು ತಿರುಗಿ ಹಿಡಿದರು. ಏನು ಹಿಡಿದರೋ, ಹುಡುಗಿಯ ಹುಬ್ಬು ಗಂಟಿಕ್ಕಿತು. ದಲಾಲಿ ಮನೆತನದ ರಕ್ತ, ಸುಮ್ಮನಿದ್ದೀತೆ?

“ಅಯ್ಯ, ಹಂಗಲ್ರಿ ಅಕ್ಕೋರ! ನಾ ಎರಡ ಕೇಳಿದ್ರ ನೀವು ಐದ ಕೊಡ್ತೀನಂತೀರಲ್ಲ! ಕೊಳ್ಳೋರು ಕಮ್ಮಿ ಮಾಡಬೇಕ್ರಿ!”

ಕೂಗುತ್ತಿದ್ದ ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಬಾಗಿಲಲ್ಲಿದ್ದ ನನ್ನ ಮಗನ ಹೆಗಲಿನಿಂದ ಹಗ್ಗ ಜಾರಿ ಬಿತ್ತು.

“ಮತ್ತ ಹೆಂಗ ಹಿಡೀಲಿ?” ಎಂದರು ಅಕ್ಕೋರು, ಮೆಲ್ಲಗೆ.

“ಒಂದ ಹಿಡೀರಿ. ನಾ ಒಲ್ಲೆ ಅಂತೀನಿ. ಆಮ್ಯಾಲ ಎದ್ದು ಹೊಂಟಂಗ ಮಾಡ್ರಿ.”

ಅವರು ಎದ್ದು ಭರಭರ ನಡೆದರು.

“ಅಷ್ಟ ದೂರ ಹೋಗಬ್ಯಾಡ್ರೀ! ಕರದ್ರ ಕೇಳಸಬೇಕು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕೋರೂ ನಕ್ಕರು, ಅವಳೂ ನಕ್ಕಳು. ಆಮೇಲೆ ನನಗೊಮ್ಮೆ, ನನಗೊಮ್ಮೆ ಎಂದು ಮಕ್ಕಳೆಲ್ಲ ಸಾಲುಗಟ್ಟಿದರು. ಮೂಕ ಸಾವ್ಕಾರ್ತಿ ಎಂದವನಿಗೂ ಕಲಿಸಿದಳು, “ನಿನ್ನ ಕೈ ಬೆವತಾವ, ಒರಸ್ಕೊಂಡ ಬಾ” ಎಂದು ಗದರಿಸಿದ ಮೇಲೆ.

ಸಂತೆ ಮುಗಿದಾಗ ಮಣ್ಣು ಮೆತ್ತಿದ ವಲ್ಲಿ ಹಿಡಿದು ನೇರವಾಗಿ ಅಪ್ಪನ ಹತ್ತಿರ ಹೋದಳು. ಮಾತಿಲ್ಲದೆ ಅವನ ಕೈ ಮೇಲೆ ಹಾಕಿದಳು. ಒಳಗೆ ಏನು ನಡೆಯಿತೋ ನನಗೆ ಕಾಣಲಿಲ್ಲ. ಬಟ್ಟೆ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು.

“ಮುತ್ಯಾ! ಅಪ್ಪ ಇನ್ನೊಂದಽ ವರ್ಷ ಸಾಲಿ ಅಂತಾನ! ನಾ ಐದೂ ಹಿಡದೀನಿ! ಏಳನೇ ಜಮಾತ್ ತನಕ!”

“ಏಯ್ ಹುಚ್ಚೀ, ಒಳಗಿನ ಮಾತು ಹೊರಗ ಒದರಬಾರದು!” ಎಂದೆ.

“ಒದರತೀನಿ!”

ಮಗ ನನ್ನ ಮುಖ ನೋಡಿದ. ಅವನ ಕಣ್ಣು ತುಂಬಿದ್ದವು, ತುಟಿ ನಗುತ್ತಿತ್ತು. ಕೈ ಮಾತ್ರ ಎಳೆದುಕೊಳ್ಳಲಿಲ್ಲ. ನಾನು ಬೇವಿನ ಬುಡದಲ್ಲಿ ದೊಪ್ಪನೆ ಕೂತೆ.

ಸೋಮವಾರ ಸುಮ್ಮನಿರಲಾಗದೆ ಶಾಲೆಯ ಗೋಡೆಯಾಚೆ ನಿಂತು ಕೇಳಿದೆ. ಅಕ್ಕೋರು ಹಾಜರಿ ಶುರು ಮಾಡಿದರು. ತನ್ನ ಹೆಸರು ಬರುವ ಮೊದಲೇ, ಬೇರೆ ಯಾರದೋ ಹೆಸರಿಗೆ ಇವಳು “ಹಾಜರ್!” ಎಂದು ಕೂಗಿಬಿಟ್ಟಳು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅವಳ ನಗುವೂ ಕೇಳಿಸಿತು.